ಎಣಿಕೆ ಕೋಣೆಯಲ್ಲಿ ಗೇಟ್‌ಮನ್

ಅರವತ್ತನಾಲ್ಕು. ಹೋದ ಶ್ರಾವಣದಲ್ಲಿ ಇವನ ಚೀಟಿಯ ಮೇಲೆ
ನಾನೇ ಬರೆದದ್ದು, ನೀಲಿ ಪೆನ್ನಿನಲ್ಲಿ, ಕೈ ತಡೆದು ತಡೆದು.
ಸಾಸಿವೆ ಕಾಳಿನಷ್ಟು ರಕ್ತದಲ್ಲಿ ಇರಬೇಕಾದವರು ಎಂಟುನೂರು;
ಉಳಿದವರು ಒಂದು ಕೆಂಪು ಬಸ್ಸಿಗೆ ಸಾಕಾಗುವಷ್ಟು.

ಇವತ್ತು ಇನ್ನೂರ ಹನ್ನೆರಡು.

ಪಾಮಣ್ಣ ಕುರ್ಚಿಯ ತುದಿಗೆ ಕೂತು ಕೇಳುತ್ತಾನೆ:
“ಗುಳಿಗಿ ಹೆಚ್ಚ ಮಾಡಿತೇನ್ರೀ ಇವನ್ನ?”

ಇಲ್ಲ. ಗುಳಿಗೆ ಕಳ್ಳನ ಕೈ ಕಟ್ಟಿದೆ, ಅಷ್ಟೆ.
ಹೆಚ್ಚು ಮಾಡಿದ್ದು ಬೇರೆ.
ಹೇಗೆ ಹೇಳಲಿ, ಕಾರಟಗಿ ಕಡೆಯ ಕಾಲುವೆಯಲ್ಲಿ
ಇಪ್ಪತ್ತೆರಡು ವರ್ಷ ಗೇಟು ತಿರುಗಿಸಿ
ಈಗ ಗಂಗಾವತಿಯ ಈ ಕೋಣೆಗೆ ಬಂದವನಿಗೆ?

ಹೇಳಿದೆ: ಕೊರಳಲ್ಲಿ, ಕಂಕುಳಲ್ಲಿ, ತೊಡೆಯ ಸಂದಿಯಲ್ಲಿ
ಅವರೆ ಕಾಳಿನಂಥ ಗಂಟುಗಳಿವೆ,
ಒಳಗೆ ಬಲೆ ಹೆಣೆದು ಕೂತ ಕೆಲವು ಜೀವಕೋಶ.
ಅವು ಯಾರ ಮೇಲೂ ಏರಿ ಹೋಗುವುದಿಲ್ಲ, ಒಂದು ರೋಗವನ್ನೂ ಕೊಂದಿಲ್ಲ.
ಹಗಲೂ ರಾತ್ರಿ ಒಂದು ರಸ ಜಿನುಗಿಸುತ್ತವೆ, ಒಂದೇ ಅಳತೆ,
ಕುಡಿಯುವವರು ಸಾವಿರವಿರಲಿ, ಹತ್ತಿರಲಿ.
ಪುಸ್ತಕದಲ್ಲಿ ಅದಕ್ಕಿರುವುದು ಬರೀ ನಂಬರಿನ ಹೆಸರು,
ಇಂಟರ್‌ಲ್ಯೂಕಿನ್ ಏಳು,
ನಿಮ್ಮ ಡಿಸ್ಟ್ರಿಬ್ಯೂಟರಿಗಳಿಗೆ ಇರುವ ಹಾಗೆ.

ಅದು ಹೇಳುವುದು ಒಂದೇ ಮಾತು.
ಹೊಡೆ ಅನ್ನುವುದಿಲ್ಲ, ಓಡು ಅನ್ನುವುದಿಲ್ಲ.
ಇರು.

ಆ ಮಾತು ಕಿವಿಗೆ ಬೀಳದ ಕೋಶವನ್ನು ಯಾರೂ ಕೊಲ್ಲುವುದಿಲ್ಲ.
ಒಳಗಿನ ಹೊಲಿಗೆ ತಾನೇ ಬಿಚ್ಚುತ್ತದೆ,
ಸದ್ದಿಲ್ಲದೆ ಮಡಚಿಕೊಳ್ಳುತ್ತದೆ, ಪಕ್ಕದವರು ನುಂಗುತ್ತಾರೆ.
ಜನ ಹೆಚ್ಚಾದರೆ ರಸ ಸಾಲದೆ ಇಳಿಯುತ್ತಾರೆ;
ಕಡಿಮೆಯಾದರೆ ಕುಡಿಯದೆ ಉಳಿದದ್ದು ತುಂಬಿ ನಿಂತು
ಇದ್ದವರಿಗೇ ಎರಡು ಪಾಲು, ಮೂರು ಪಾಲು.
ಕುಡಿದು ಕುಡಿದು ಒಬ್ಬರು ಇಬ್ಬರಾಗುತ್ತಾರೆ.
ನಿಮ್ಮ ಅರವತ್ತನಾಲ್ಕು ಮಂದಿಗೆ ಸಿಕ್ಕದ್ದು
ಸತ್ತವರ ಪಾಲಿನ ನೀರು, ಪಾಮಣ್ಣ.

ಅವನು ಬಹಳ ಹೊತ್ತು ಗೋಡೆ ನೋಡಿದ.
“ಗೇಜು ಕಾಯೋದು ಅಂದ್ರ ಇದ,” ಅಂದ. “ಎರಡೂವರೆ ಅಡಿ.”

ಹುರುಪಿನಲ್ಲಿ ನಾನು ಇನ್ನೊಂದು ಹೇಳಿದೆ:
ಸಾಕಷ್ಟು ಕುಡಿದ ಕೋಶ ತನ್ನ ಬಾಯನ್ನು ತಾನೇ
ಒಳಗೆಳೆದುಕೊಳ್ಳುತ್ತದೆ, ಪಕ್ಕದವನಿಗೆ ಉಳಿಯಲಿ ಅಂತ.

ಪಾಮಣ್ಣ ನಕ್ಕ. ಈ ಕೋಣೆಯಲ್ಲಿ ಮೊದಲ ಸಲ, ಹಲ್ಲು ಕಾಣುವ ಹಾಗೆ.
“ಸುಳ್ಳ ಹೇಳಬ್ಯಾಡ್ರಿ. ಮ್ಯಾಲಿನ ಹೊಲದವ ತಾನಾಗಿ ತೂಬು ಮುಚ್ಚ್ಯಾನ?
ರಾತ್ರಿ ಎರಡಕ್ಕ ಬ್ಯಾಟರಿ ಹಿಡಕೊಂಡು ಹೋಗೀನಿ ನಾನು.
ಕಲ್ಲು ತೆಗದೀನಿ, ಗೋಣಿಚೀಲ ತೆಗದೀನಿ.
ಒಬ್ಬಾಂವ ಗೇಟಿನ ಮ್ಯಾಲ ಹೊರಸು ಹಾಕ್ಕೊಂಡು ಮಲಗಿದ್ದ,
ತಿರುವಬಾರದು ಅಂತ.
ಅವನ್ನ ಎಬ್ಬಿಸಿ, ಬೀಡಿ ಕೊಟ್ಟು, ಕೈಮುಗದು ತಿರುವೀನಿ.”

ನನ್ನಲ್ಲಿ ಉತ್ತರವಿರಲಿಲ್ಲ.
ಪುಸ್ತಕದವರು ನೋಡಿದ್ದು ಇಲಿಗಳಲ್ಲಿ.

ಹೊರಗೆ ಬೆಂಚಿನ ಹತ್ತಿರ ಹುಲಿಗೆಮ್ಮನ ದನಿ.
ಗೀರುಬಿದ್ದ ಫೋನು, ಮೊಣಕಾಲ ಮೇಲೆ ಹೆಸರಿನ ಪಟ್ಟಿ:
“ಯಪ್ಪಾ, ಉಂಡಿ? ಗುಳಿಗಿ ತಗೊಂಡಿ? ಹೂಂ, ಇಡ್ತೀನಿ.”
ಮುಂದಿನ ಹೆಸರು. ಅದರ ಮುಂದಿನದು.
ನಾಲ್ಕು ತಿಂಗಳಿಂದ ಅವಳ ಸಂಬಳ ಬಂದಿಲ್ಲ.
ನನ್ನ ಯಂತ್ರ ಎಣಿಸುವುದು ರಕ್ತಕ್ಕೆ ಇಳಿದು ಬಂದವರನ್ನು ಮಾತ್ರ.

ಬಾಗಿಲವರೆಗೆ ಹೋದವನು ತಿರುಗಿದ:
“ಮೈಯಾಗ ಟೇಲೆಂಡ್ ಯಾವುದ್ರಿ?”

ಕರುಳಿನ ಗೋಡೆ, ಅಂದೆ. ಅಲ್ಲಿಗಿನ್ನೂ ಸರಿಯಾಗಿ ಮುಟ್ಟಿಲ್ಲ.
ವರ್ಷಗಟ್ಟಲೆ ಹಿಡಿಯಬಹುದು.

“ಮುಟ್ಟತೈತಿ,” ಅಂದ,
ಚೀಟಿ ಮಡಚಿ ಅಂಗಿಯ ಕಿಸೆಗಿಟ್ಟು,
ರಾತ್ರಿ ತಾನೇ ಬ್ಯಾಟರಿ ಹಿಡಿದು ಹೊರಡುವವನ ಹಾಗೆ.